ತರಬೇತಿ ಮಗುವಿನ ತನಕ ಹೋಯ್ತಾ?

(ಮಕ್ಕಳ ರಕ್ಷಣೆ ಮತ್ತು ಫಾಸ್ಟರ್ ಕೇರ್ ತರಬೇತುದಾರರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಫಾಸ್ಟರ್ ಕೇರ್ ಅಂದರೆ, ಹೆತ್ತವರ ಜೊತೆ ಇರಲಾಗದ ಮಗುವನ್ನು ಇನ್ನೊಂದು ಕುಟುಂಬ, ಅಂದರೆ ಸಾಕು ಮನೆ, ಸ್ವಲ್ಪ ಕಾಲ ನೋಡಿಕೊಳ್ಳುವುದು. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಒಂದು ಹಳೆಯ ಫೀಡ್‌ಬ್ಯಾಕ್ ಫಾರ್ಮ್ ಇದೆ. ನಾನು ನಡೆಸಿದ ತರಬೇತಿಯೊಂದರ ಕೊನೆಯ ದಿನ ಒಬ್ಬ ಸಾಕು ತಾಯಿ ತುಂಬಿಕೊಟ್ಟದ್ದು. ಎಲ್ಲ ಪ್ರಶ್ನೆಗೂ ಐದಕ್ಕೆ ಐದು ಅಂಕ ಹಾಕಿದ್ದಾರೆ. ಕೆಳಗೆ ‘ತುಂಬ ಉಪಯೋಗ ಆಯಿತು, ಇನ್ನೂ ಎರಡು ದಿನ ಇರಬೇಕಿತ್ತು’ ಎಂದು ಬರೆದಿದ್ದಾರೆ.

ನಾಲ್ಕು ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು. ಅವರ ಮನೆಗೆ ಬಂದ ಏಳು ವರ್ಷದ ಹುಡುಗ ತಿನ್ನುವುದನ್ನು ಎತ್ತಿಕೊಂಡು ಹೋಗಿ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದ. ಹೊಟ್ಟೆ ತುಂಬ ಉಂಡ ಮೇಲೂ ಅಷ್ಟೇ. ಹಾಸಿಗೆ ತುಂಬ ಇರುವೆ. ಕೇಳಿದರೆ ‘ನಾನಲ್ಲ’ ಎನ್ನುತ್ತಿದ್ದ. “ಮೇಡಂ, ಇದರ ಬಗ್ಗೆ ನೀವು ಏನೋ ಹೇಳಿದ್ರಿ. ಏನು ಅಂತ ಈಗ ನೆನಪಿಗೇ ಬರ್ತಿಲ್ಲ” ಎಂದರು. ನಾನು ಹೇಳಿದ್ದು ನಿಜ. ಹಸಿವು ಕಂಡ ಮಗು ಊಟ ಬಚ್ಚಿಡುವುದು ಭಯದಿಂದ, ಅದನ್ನು ಕಳ್ಳತನ ಅನ್ನಬೇಡಿ ಎಂದಿದ್ದೆ. ಅವನ ಕೈಗೆ ಸಿಗುವ ಹಾಗೆ ಅವನದೇ ಒಂದು ಡಬ್ಬಿ ಇಡಿ, ಅದು ಖಾಲಿ ಆಗದ ಹಾಗೆ ನೋಡಿಕೊಳ್ಳಿ ಎಂದು ಅರ್ಧ ಗಂಟೆ ಮಾತಾಡಿದ್ದೆ. ಆದರೆ ಅವರು ಫೋನ್ ಮಾಡುವ ಹೊತ್ತಿಗೆ ಮನೆಯಲ್ಲಿ ಎಲ್ಲರ ತಾಳ್ಮೆ ಮುಗಿದಿತ್ತು. ಎರಡು ವಾರದಲ್ಲಿ ಹುಡುಗ ಬೇರೆ ಮನೆಗೆ ಹೋದ. ಅದು ಅವನಿಗೆ ಮೂರನೇ ಮನೆ.

ಆ ತಾಯಿಯ ತಪ್ಪು ಅಂತ ನನಗೆ ಒಂದು ದಿನವೂ ಅನಿಸಿಲ್ಲ. ಅವರ ಫಾರ್ಮ್ ಸುಳ್ಳೂ ಹೇಳಿಲ್ಲ. ತರಬೇತಿ ಅವರಿಗೆ ನಿಜವಾಗಿಯೂ ಹಿಡಿಸಿತ್ತು. ಹಿಡಿಸಿತಾ ಎಂದು ನಾನು ಕೇಳಿದ್ದೆ, ಅವರು ಉತ್ತರ ಕೊಟ್ಟರು. ಮಗು ಮನೆಗೆ ಬಂದ ಮೇಲೆ ಏನಾಗುತ್ತಿದೆ ಎಂದು ನಾನು ಕೇಳಿಯೇ ಇರಲಿಲ್ಲ. ಆಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಇವತ್ತು ಮಾತಾಡುವುದೂ ಅದರ ಬಗ್ಗೆಯೇ.

1959ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ತರಬೇತಿಯನ್ನು ಅಳೆಯುವ ಬಗ್ಗೆ ಕೆಲವು ಲೇಖನ ಬರೆದರು. ಅವರು ಹೇಳಿದ ನಾಲ್ಕು ಹಂತಗಳು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತವೆ. ಬಂದವರಿಗೆ ತರಬೇತಿ ಹಿಡಿಸಿತೇ? ಏನಾದರೂ ಕಲಿತರೇ? ಕೆಲಸದಲ್ಲಿ ಅದನ್ನು ಬಳಸಿದರೇ? ಬಳಸಿದ್ದರಿಂದ ಏನಾದರೂ ಬದಲಾಯಿತೇ? ಅವರು ಬರೆದದ್ದು ಕಂಪನಿಗಳ ತರಬೇತಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮ ಕೆಲಸದಲ್ಲಿ ನಾಲ್ಕನೇ ಪ್ರಶ್ನೆ ಅಂದರೆ ಒಂದು ಮಗು. ಅದು ಸುರಕ್ಷಿತವಾಗಿದೆಯೇ, ಒಂದೇ ಮನೆಯಲ್ಲಿ ನೆಲೆ ನಿಂತಿದೆಯೇ, ರಾತ್ರಿ ನಿದ್ದೆ ಮಾಡುತ್ತಿದೆಯೇ, ಆದಾಗ ಹೆತ್ತವರ ಹತ್ತಿರ ವಾಪಸ್ ಹೋಗುತ್ತಿದೆಯೇ. ಬಹಳ ಕಡೆ ಅಳತೆ ಮೊದಲ ಹಂತದಲ್ಲೇ ನಿಂತುಬಿಡುತ್ತದೆ. ಕಾರಣ ಸುಲಭ. ಆ ಹಂತ ಅಳೆಯಲು ಹತ್ತು ನಿಮಿಷ ಸಾಕು, ಜನ ಇನ್ನೂ ಕುರ್ಚಿ ಬಿಟ್ಟು ಎದ್ದಿರುವುದಿಲ್ಲ.

ಮೊದಲ ಹಂತದ ಉತ್ತರ ಚೆನ್ನಾಗಿ ಬಂದರೆ ಉಳಿದದ್ದೂ ಚೆನ್ನಾಗಿಯೇ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಸ್ಕಾಟ್ಲೆಂಡಿನ ಒಂದು ಅಧ್ಯಯನ ಈ ನಂಬಿಕೆಯನ್ನು ಅಲ್ಲಾಡಿಸುತ್ತದೆ. ಪ್ರಕಟವಾದದ್ದು 2001ರಲ್ಲಿ. ಅಲ್ಲಿನ 17 ಕೌನ್ಸಿಲ್ ಪ್ರದೇಶಗಳಲ್ಲಿ ಸಾಕು ಮನೆಗಳಲ್ಲಿದ್ದ 182 ಮಕ್ಕಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಸಾಕು ತಂದೆತಾಯಿಗೆ ಮಾತ್ರ ಹೆಚ್ಚಿನ ತರಬೇತಿ ಸಿಕ್ಕಿತು. ಶುರುವಿನಲ್ಲೇ ನೂರಕ್ಕೆ 60ಕ್ಕಿಂತ ಹೆಚ್ಚು ಮಕ್ಕಳಿಗೆ ಮನಸ್ಸಿಗೆ ಸಂಬಂಧಿಸಿದ ತೊಂದರೆಗಳಿದ್ದವು. ತರಬೇತಿ ಪಡೆದವರು ಉಪಯೋಗ ಆಯಿತು ಎಂದರು. ಆದರೆ ಮಕ್ಕಳನ್ನು ಅಳೆದಾಗ ಎರಡು ಗುಂಪಿನ ನಡುವೆ ಕಂಡ ವ್ಯತ್ಯಾಸ ತೀರಾ ಸಣ್ಣದು. ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಮುಂದೆ 2007ರಲ್ಲಿ, ಆರೋಗ್ಯ ಮತ್ತು ಆರೈಕೆಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಇಂಥ ಆರು ಪ್ರಯೋಗಗಳನ್ನು, ಒಟ್ಟು 463 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಮಕ್ಕಳ ಕಷ್ಟದ ವರ್ತನೆಯನ್ನು ನಿಭಾಯಿಸಲು ಕಲಿಸುವ ತರಬೇತಿಗಳು ಅವು. ಅಲ್ಲೂ ಗಟ್ಟಿಯಾದ ಪರಿಣಾಮ ಕಾಣಲಿಲ್ಲ.

ಇದನ್ನು ಮೊದಲು ಓದಿದಾಗ ನನಗೆ ತುಂಬ ಬೇಜಾರಾಯಿತು. ಹಾಗಾದರೆ ತರಬೇತಿಯೇ ದಂಡ ಅಂತಲೇ? ಖಂಡಿತ ಹಾಗಲ್ಲ. ಕೆಲಸ ಮಾಡಿದ ತರಬೇತಿಗಳೂ ಇವೆ, ಅವುಗಳ ಮಾತಿಗೆ ಬರುತ್ತೇನೆ. ಅದಕ್ಕೂ ಮುಂಚೆ ಎರಡನೇ ಹಂತದ ಬಗ್ಗೆ ಎರಡು ಮಾತು.

‘ಎಷ್ಟು ಕಲಿತಿರಿ’ ಎಂದು ಜನರನ್ನೇ ಕೇಳಿದರೆ ಒಂದು ವಿಚಿತ್ರ ಆಗುತ್ತದೆ. ತರಬೇತಿಗೆ ಮುಂಚೆ ‘ಆಘಾತಕ್ಕೆ ಒಳಗಾದ ಮಗುವಿನ ಜೊತೆ ಮಾತಾಡುವುದು ನಿಮಗೆ ಎಷ್ಟು ಗೊತ್ತು’ ಎಂದು ಕೇಳಿ. ಐದರಲ್ಲಿ ನಾಲ್ಕು ಹಾಕುತ್ತಾರೆ. ಮುಗಿದ ಮೇಲೆ ಕೇಳಿ. ಮತ್ತೆ ನಾಲ್ಕು, ಇಲ್ಲವೇ ಮೂರು. ಜ್ಞಾನ ಕಡಿಮೆ ಆಯ್ತಾ? ಇಲ್ಲ. ಅದು ಎಷ್ಟು ಕಷ್ಟದ ಕೆಲಸ ಅಂತ ಈಗ ಗೊತ್ತಾಗಿದೆ, ಅಳತೆಗೋಲೇ ಬದಲಾಗಿದೆ. 1979ರಲ್ಲಿ ಜಾರ್ಜ್ ಹೋವರ್ಡ್ ಮತ್ತು ಅವರ ಜೊತೆಗಾರರು ಇದನ್ನು ವಿವರವಾಗಿ ತೋರಿಸಿಕೊಟ್ಟರು. ಅವರು ಕೊಟ್ಟ ಉಪಾಯ ಸರಳ. ತರಬೇತಿ ಮುಗಿದ ಮೇಲೆ ಎರಡು ಪ್ರಶ್ನೆ ಒಟ್ಟಿಗೆ ಕೇಳಿ: ‘ಈಗ ನಿಮಗೆ ಎಷ್ಟು ಗೊತ್ತು? ಈಗ ಹಿಂದೆ ತಿರುಗಿ ನೋಡಿದರೆ, ಬರುವ ಮುಂಚೆ ಎಷ್ಟು ಗೊತ್ತಿತ್ತು?’ ಎರಡಕ್ಕೂ ಒಂದೇ ಅಳತೆಗೋಲು ಸಿಗುತ್ತದೆ. ಇದರಲ್ಲೂ ಒಂದು ಅಪಾಯ ಇದೆ. ತರಬೇತುದಾರರ ಮನಸ್ಸು ನೋಯಿಸಬಾರದು ಅಂತ ಜನ ‘ಮುಂಚೆ’ ಅನ್ನುವುದನ್ನು ಬೇಕೆಂದೇ ಕೆಳಗೆ ಇಳಿಸಬಹುದು. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ.

ಅದಕ್ಕಿಂತ ಒಳ್ಳೆಯ ದಾರಿ, ಅವರ ಮುಂದೆ ಒಂದು ಸಂದರ್ಭ ಇಟ್ಟು ಏನು ಮಾಡುತ್ತೀರಿ ಎಂದು ಕೇಳುವುದು. ಒಂದು ಮನೆ, ಒಂದು ಮಗು, ಕೈಯಲ್ಲಿ ಒಂದು ಗಾಯ, ತಾಯಿ ಹೇಳುವ ಒಂದು ಕಾರಣ. ಕೇಸ್ ವರ್ಕರ್, ಅಂದರೆ ಆ ಮಗುವಿನ ವಿಷಯ ನೋಡಿಕೊಳ್ಳುವ ಕಾರ್ಯಕರ್ತರು, ಏನನ್ನು ಗಮನಿಸಿದರು, ಯಾವ ಪ್ರಶ್ನೆ ಕೇಳಿದರು, ಮಗು ಇವತ್ತು ರಾತ್ರಿ ಅಲ್ಲೇ ಇರಬಹುದಾ ಎಂಬುದಕ್ಕೆ ಯಾವ ಆಧಾರದ ಮೇಲೆ ಉತ್ತರ ಕೊಟ್ಟರು ಎಂದು ನೋಡಿ. ಉತ್ತರಗಳನ್ನು ಇಬ್ಬರು ಬೇರೆ ಬೇರೆ ಕೂತು ತಿದ್ದಲಿ. ಅವರಿಬ್ಬರ ಅಂಕಗಳೇ ಹೊಂದದಿದ್ದರೆ ಮೊದಲು ನಮ್ಮ ಅಳತೆ ಸರಿ ಆಗಬೇಕು. ಇನ್ನೊಂದು ಮಾತು. ಪರೀಕ್ಷೆ ಅಂದ ಕೂಡಲೇ ಕಾರ್ಯಕರ್ತರಿಗೆ ಕೆಲಸದ ಭಯ ಶುರುವಾಗುತ್ತದೆ. ಅಳೆಯುತ್ತಿರುವುದು ತರಬೇತಿಯನ್ನು, ನಿಮ್ಮನ್ನಲ್ಲ ಎಂದು ಮೊದಲೇ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಹೆಸರಿನ ಬದಲು ಒಂದು ಗುಟ್ಟಿನ ಗುರುತು ಬರೆಸಿ. ತಾಯಿಯ ಹೆಸರಿನ ಮೊದಲ ಎರಡು ಅಕ್ಷರ, ಹುಟ್ಟಿದ ತಾರೀಕು, ಹೀಗೆ ಅವರೇ ಕಟ್ಟಿಕೊಂಡದ್ದು. ಮೂರು ತಿಂಗಳ ನಂತರದ ಉತ್ತರವನ್ನು ಹಳೆಯದಕ್ಕೆ ಜೋಡಿಸಲು ಅಷ್ಟು ಸಾಕು.

ಇನ್ನು ಮೂರನೇ ಹಂತ. ನನ್ನ ಅನುಭವದಲ್ಲಿ ಎಲ್ಲವೂ ಸೋರಿಹೋಗುವುದು ಇಲ್ಲೇ.

ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆ ಎಂಬ ಅನುಮಾನ ಬಂದಾಗ ಮಗುವನ್ನು ಮಾತಾಡಿಸುವ ಕೆಲಸವನ್ನೇ ತೆಗೆದುಕೊಳ್ಳಿ. ‘ಅವನು ನಿನ್ನ ಮುಟ್ಟಿದ್ನಾ?’ ಎಂದು ಕೇಳಿದರೆ ಮಗು ಹೂಂ ಅನ್ನಬಹುದು, ಊಹೂಂ ಅನ್ನಬಹುದು. ಎರಡನ್ನೂ ನಂಬುವುದು ಕಷ್ಟ. ‘ಏನಾಯ್ತು ಅಂತ ಮೊದಲಿನಿಂದ ಹೇಳು’ ಎಂದರೆ ಮಗು ತನ್ನದೇ ಮಾತಿನಲ್ಲಿ ಹೇಳುತ್ತದೆ. ಅಮೆರಿಕದ ಮಕ್ಕಳ ಆರೋಗ್ಯ ಮತ್ತು ಮಾನವ ಬೆಳವಣಿಗೆಯ ರಾಷ್ಟ್ರೀಯ ಸಂಸ್ಥೆಯಲ್ಲಿದ್ದ ಮೈಕೆಲ್ ಲ್ಯಾಂಬ್ ಮತ್ತು ಅವರ ತಂಡ ಇದಕ್ಕಾಗಿಯೇ ಒಂದು ಕ್ರಮಬದ್ಧ ಮಾರ್ಗಸೂಚಿ ಮಾಡಿದರು. ಈಗ ಹಲವು ದೇಶಗಳಲ್ಲಿ ಅದು ಬಳಕೆಯಲ್ಲಿದೆ. ಅದನ್ನು ಕಲಿತವರು ತಾವು ನಡೆಸಿದ ಸಂದರ್ಶನಗಳ ದಾಖಲೆ ಕಳಿಸುತ್ತಿದ್ದರು. ತಜ್ಞರು ಓದಿ, ಇಲ್ಲಿ ಹೀಗೆ ಕೇಳಬಹುದಿತ್ತು ಎಂದು ತಿದ್ದಿ ಹೇಳುತ್ತಿದ್ದರು. ಅಷ್ಟು ದಿನ ಸಂದರ್ಶನಗಳು ಚೆನ್ನಾಗಿದ್ದವು. ಆಮೇಲೆ ಆ ತಿದ್ದುವಿಕೆ ನಿಂತಿತು. 2002ರಲ್ಲಿ ಲ್ಯಾಂಬ್ ತಂಡ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರು ತಿಂಗಳೊಳಗೇ ಗುಣಮಟ್ಟ ಇಳಿದಿತ್ತು. ಕಲಿತದ್ದನ್ನು ಅವರು ಮರೆತಿದ್ದರು ಅಂತಲ್ಲ. ಕೇಳಿದರೆ, ಹೇಗೆ ಕೇಳಬೇಕು ಎಂದು ಸರಿಯಾಗಿಯೇ ವಿವರಿಸುತ್ತಿದ್ದರೇನೋ. ಕೆಲಸದ ಒತ್ತಡದಲ್ಲಿ ಕೈ ಹಳೆಯ ಅಭ್ಯಾಸಕ್ಕೆ ಮರಳುತ್ತದೆ.

ಇದರಲ್ಲಿ ನನಗೆ ಕಾಣುವುದು ಇಷ್ಟು. ತರಬೇತಿ ಮುಗಿದ ದಿನ ಅಳೆದಿದ್ದರೆ ಇದು ಗೆದ್ದ ತರಬೇತಿ. ಆರು ತಿಂಗಳಿಗೆ ಅಳೆದರೆ ಸೋತದ್ದು. ತರಬೇತಿ ಅದೇ, ಜನ ಅವರೇ. ಬೇರೆ ಆದದ್ದು ತರಬೇತಿಯ ಕೋಣೆಯ ಹೊರಗೆ ಏನಿತ್ತು ಎಂಬುದು.

1988ರಲ್ಲಿ ಬಾಲ್ಡ್ವಿನ್ ಮತ್ತು ಫೋರ್ಡ್ ಎಂಬ ಇಬ್ಬರು ಸಂಶೋಧಕರು ಕಲಿತದ್ದು ಕೆಲಸಕ್ಕೆ ಹೇಗೆ ದಾಟುತ್ತದೆ ಎಂಬುದರ ಬಗ್ಗೆ ಬರೆದರು. ಕಲಿಯುವವರು, ಕಲಿಸುವ ರೀತಿ, ಕೆಲಸದ ವಾತಾವರಣ, ಈ ಮೂರೂ ಸೇರಿದರೆ ಮಾತ್ರ ದಾಟುತ್ತದೆ ಎಂದರು. ನಮ್ಮ ಕೆಲಸದಲ್ಲಿ ಮೂರನೆಯದಕ್ಕೆ ಒಂದು ಮುಖ ಇದೆ: ಮೇಲ್ವಿಚಾರಕರು. ಹೊಸ ಕಾರ್ಯಕರ್ತೆ ತರಬೇತಿಯಿಂದ ವಾಪಸ್ ಬಂದ ಮೊದಲ ದಿನ ಅವರು ‘ಅಲ್ಲಿ ಏನು ಕಲಿತೆ, ಈ ಕೇಸಿನಲ್ಲಿ ಅದನ್ನು ಮಾಡಿ ನೋಡೋಣ’ ಎನ್ನಬಹುದು. ‘ಅದೆಲ್ಲ ಅಲ್ಲಿಗೇ ಸರಿ, ಇಲ್ಲಿ ನಾವು ಮಾಡೋದು ಹೀಗೆ’ ಎನ್ನಲೂಬಹುದು. ಆ ಒಂದು ಮಾತು ನಮ್ಮ ಐದು ದಿನದ ತರಬೇತಿಯನ್ನು ಅಳಿಸಿಬಿಡುತ್ತದೆ. ಎರಡನೇ ಮಾತು ಆಡುವ ಮೇಲ್ವಿಚಾರಕರನ್ನು ನಾನು ದೂರುತ್ತಿಲ್ಲ. ಅವರ ಮೇಜಿನ ಮೇಲೆ ರಾಶಿ ಕೇಸುಗಳಿರುತ್ತವೆ, ಅವರಿಗೆ ಈ ತರಬೇತಿ ಏನು ಅಂತ ಯಾರೂ ಹೇಳಿರುವುದಿಲ್ಲ. ಆದ್ದರಿಂದ ತರಬೇತಿಯ ಮೌಲ್ಯಮಾಪನದಲ್ಲಿ ಮೇಲ್ವಿಚಾರಕರಿಗೂ ಪ್ರಶ್ನೆ ಇರಲೇಬೇಕು. ಕಳಿಸುವ ಮುಂಚೆ ಮಾತಾಡಿದ್ರಾ? ಬಂದ ಮೇಲೆ ಒಂದು ಗಂಟೆ ಕೊಟ್ರಾ? ಹೊಸದನ್ನು ಮಾಡುವಾಗ ಒಮ್ಮೆಯಾದರೂ ಜೊತೆಗೆ ಹೋದ್ರಾ? ಉತ್ತರ ಇಲ್ಲ ಎಂದಾದರೆ, ಕಾರ್ಯಕರ್ತೆ ಕಲಿತದ್ದನ್ನು ಬಳಸದಿದ್ದಕ್ಕೆ ಕಾರಣ ಅಲ್ಲೇ ಸಿಗುತ್ತದೆ.

ಸಾಕು ತಂದೆತಾಯಿಗೆ ಮೇಲ್ವಿಚಾರಕರೇ ಇಲ್ಲ, ಗಮನಿಸಿ. ಅವರು ಕಲಿತದ್ದನ್ನು ಬಳಸಬೇಕಾದದ್ದು ರಾತ್ರಿ ಹನ್ನೊಂದಕ್ಕೆ, ಮಗು ಬಾಗಿಲು ಒದೆಯುತ್ತಿರುವಾಗ. ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ತರಬೇತಿ ‘ಕೀಪ್’. ಆರೆಗನ್ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದ ಪೆಟ್ರೀಷಿಯಾ ಚೇಂಬರ್ಲಿನ್ ಮತ್ತು ತಂಡ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಅದನ್ನು ಪರೀಕ್ಷಿಸಿತು. ಸುಮಾರು 700 ಕುಟುಂಬಗಳು. 5ರಿಂದ 12 ವರ್ಷದ ಮಕ್ಕಳು. ಮಗು ಮನೆಗೆ ಬಂದ ಮೇಲೆ ನಡೆಯುವ ತರಬೇತಿ ಇದು. ವಾರಕ್ಕೊಮ್ಮೆ ಒಂದೂವರೆ ಗಂಟೆ, 16 ವಾರ, ಸಣ್ಣ ಗುಂಪು. ಈ ವಾರ ಮನೆಯಲ್ಲಿ ಏನಾಯಿತು ಎಂಬುದೇ ಪಾಠ. ಹೋಗುವಾಗ ಮನೆಯಲ್ಲಿ ಮಾಡಿ ನೋಡಲು ಒಂದು ಕೆಲಸ. ಒಂದು ವಾರ ಬರಲು ಆಗದಿದ್ದರೆ ಗುಂಪು ನಡೆಸುವವರೇ ಮನೆಗೆ ಹೋಗಿ ಪಾಠ ಮುಟ್ಟಿಸುತ್ತಿದ್ದರು.

ಅಳೆದ ರೀತಿ ಇನ್ನೂ ಚೆಂದ. ಫಾರ್ಮ್ ಕೊಡಲಿಲ್ಲ, ಫೋನ್ ಮಾಡಿದರು. ಐದು ಹತ್ತು ನಿಮಿಷದ ಕರೆ. ಸುಮಾರು ಮೂವತ್ತು ವರ್ತನೆಗಳ ಪಟ್ಟಿ ಓದಿ, ‘ಕಳೆದ 24 ಗಂಟೆಯಲ್ಲಿ ಇದು ಆಯಿತಾ? ಇದು?’ ಎಂದು ಕೇಳುವುದು. ಜಗಳ, ಸುಳ್ಳು, ಎದುರು ಮಾತು, ಹಾಸಿಗೆ ಒದ್ದೆ ಮಾಡುವುದು ಇತ್ಯಾದಿ. ‘ಸಾಮಾನ್ಯವಾಗಿ ಮಗು ಹೇಗೆ’ ಎಂದು ಕೇಳಿದರೆ ಆ ದಿನದ ಸಿಟ್ಟು ಉತ್ತರ ಕೊಡುತ್ತದೆ. ನಿನ್ನೆ ಏನಾಯಿತು ಎಂದು ಕೇಳಿದರೆ ನಿನ್ನೆಯೇ ಉತ್ತರ ಕೊಡುತ್ತದೆ.

ಈ ಕರೆಗಳಿಂದ 2006ರಲ್ಲಿ ಒಂದು ಮುಖ್ಯ ಸಂಗತಿ ಹೊರಬಿತ್ತು. ದಿನಕ್ಕೆ ಆರು ಕಷ್ಟದ ವರ್ತನೆಗಳ ತನಕ ಸಾಕು ಮನೆಗಳು ತಡೆದುಕೊಳ್ಳುತ್ತವೆ. ಆರರ ಮೇಲೆ ಒಂದೊಂದು ಹೆಚ್ಚಾದ ಹಾಗೂ ಮುಂದಿನ ಒಂದು ವರ್ಷದಲ್ಲಿ ಮಗು ಆ ಮನೆ ಬಿಡಬೇಕಾಗಿ ಬರುವ ಅಪಾಯ ಶೇ. 17ರಷ್ಟು ಏರುತ್ತದೆ. ಆ ಸಂಖ್ಯೆ ಎಲ್ಲ ಕಡೆ ಹಾಗೇ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಯೋಚಿಸಿ, ಮಗು ಆ ಮನೆ ಬಿಡಬೇಕಾಗಿ ಬರುವ ಮುಂಚೆಯೇ ನಮಗೆ ಒಂದು ಎಚ್ಚರಿಕೆ ಸಿಗುತ್ತದೆ. ನನಗೆ ಫೋನ್ ಮಾಡಿದ ಆ ತಾಯಿಗೆ ನಾನೇ ಮೂರನೇ ವಾರದಲ್ಲಿ ಒಂದು ಕರೆ ಮಾಡಿದ್ದಿದ್ದರೆ?

ಕೀಪ್‌ನ ಫಲಿತಾಂಶಗಳು 2008ರಲ್ಲಿ ಪ್ರಕಟವಾದವು. ತರಬೇತಿ ಪಡೆದವರ ಮನೆಗಳಲ್ಲಿ ಮಕ್ಕಳ ಕಷ್ಟದ ವರ್ತನೆ ಕಡಿಮೆಯಾಗಿತ್ತು. ಹೆತ್ತವರ ಹತ್ತಿರ ವಾಪಸ್ ಹೋಗುವಂಥ ಒಳ್ಳೆಯ ಕಾರಣಕ್ಕೆ ಮನೆ ಬಿಟ್ಟ ಮಕ್ಕಳು ಹೆಚ್ಚಾಗಿದ್ದರು. ಸಂಶೋಧಕರು ಅಷ್ಟಕ್ಕೇ ನಿಲ್ಲಿಸದೆ, ಯಾಕೆ ಕಡಿಮೆ ಆಯಿತು ಎಂದೂ ನೋಡಿದರು. ಸಾಕು ತಂದೆತಾಯಿ ಶಿಸ್ತಿಗೆ ಹೋಲಿಸಿದರೆ ಮೆಚ್ಚುಗೆಯನ್ನು ಜಾಸ್ತಿ ಬಳಸತೊಡಗಿದ್ದರು, ಮಕ್ಕಳ ಬದಲಾವಣೆ ಬಂದದ್ದು ಆ ದಾರಿಯಲ್ಲಿ. ದೊಡ್ಡವರು ಮಾಡುವುದು ಬದಲಾಯಿತು, ಅದರಿಂದ ಮಗು ಬದಲಾಯಿತು. ಈ ಎರಡೂ ಕೊಂಡಿಗಳನ್ನು ಅಳೆದರೆ ಮಾತ್ರ ತರಬೇತಿಗೆ ಶಾಭಾಸ್ ಹೇಳಬಹುದು. ಮಗು ನೆಲೆ ನಿಂತಿತು ಎಂಬುದೊಂದನ್ನೇ ನೋಡಿದರೆ, ಹೊಸ ಶಾಲೆ ಕಾರಣವೋ, ಅಕ್ಕನ ಭೇಟಿ ಕಾರಣವೋ, ತರಬೇತಿ ಕಾರಣವೋ ಹೇಗೆ ಹೇಳುವುದು?

ಒಂದು ಸಣ್ಣ ವಿಷಯ ಮಧ್ಯದಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಎಲ್ಲ ತರಬೇತಿಯ ಉದ್ದೇಶವೂ ಒಂದೇ ಅಲ್ಲ. ಮಗುವನ್ನು ಕೊಡುವ ಮುಂಚೆ ನಡೆಯುವ ‘ಮ್ಯಾಪ್’, ‘ಪ್ರೈಡ್’ ಥರದ ತರಬೇತಿಗಳು ಅಮೆರಿಕದಲ್ಲಿ ಬಹಳ ಕಡೆ ನಡೆಯುತ್ತವೆ. ಇಪ್ಪತ್ತೇಳು, ಮೂವತ್ತು ಗಂಟೆಯವು. ಅವುಗಳ ಒಂದು ಗುರಿ, ‘ಇದು ನಮ್ಮಿಂದ ಆಗುತ್ತಾ’ ಎಂದು ಕುಟುಂಬವೇ ತೀರ್ಮಾನಿಸುವ ಹಾಗೆ ಮಾಡುವುದು. ಅಂಥ ತರಬೇತಿಯ ಮಧ್ಯದಲ್ಲಿ ಒಂದು ದಂಪತಿ ಕೂತು ಮಾತಾಡಿಕೊಂಡು ‘ಈಗ ಬೇಡ, ನಮ್ಮ ಮನೆ ಇನ್ನೂ ತಯಾರಾಗಿಲ್ಲ’ ಎಂದು ಹೊರಟರೆ, ಹಾಜರಿ ಪಟ್ಟಿಯಲ್ಲಿ ಅದು ಅರ್ಧಕ್ಕೆ ಬಿಟ್ಟವರ ಲೆಕ್ಕ. ನನ್ನ ಲೆಕ್ಕದಲ್ಲಿ ಅದು ತರಬೇತಿ ತನ್ನ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಒಂದು ಮಗು ಇನ್ನೊಂದು ಮನೆ ಕಳೆದುಕೊಳ್ಳುವುದು ತಪ್ಪಿತು. ಹಾಗಾಗಿ ಅಳೆಯುವ ಮುಂಚೆ ಈ ತರಬೇತಿ ಯಾತಕ್ಕೆ ಎಂದು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಆ ವಾಕ್ಯ ಬರೆಯಲು ಬಾರದಿದ್ದರೆ ಅಳತೆಗೆ ಇನ್ನೂ ಹೊತ್ತಾಗಿಲ್ಲ.

‘ನಮ್ಮ ಹತ್ತಿರ ಅಷ್ಟು ದುಡ್ಡೂ ಇಲ್ಲ, ಜನರೂ ಇಲ್ಲ’ ಎಂದು ನೀವು ಮನಸ್ಸಿನಲ್ಲೇ ಹೇಳುತ್ತಿರುವುದು ಗೊತ್ತು. ನಾನೂ ಅಂಥ ಕಡೆಯೇ ಕೆಲಸ ಮಾಡಿದವಳು. ನಾವು ಈಗ ಮಾಡುತ್ತಿರುವುದು ತೀರಾ ಸಣ್ಣದು. ತರಬೇತಿಯ ಕೊನೆಯ ಗಂಟೆಯಲ್ಲಿ ಪ್ರತಿಯೊಬ್ಬರೂ ಮನೆಗೆ ಹೋಗಿ ಮಾಡುವ ಒಂದೇ ಒಂದು ಕೆಲಸ ಬರೆಯುತ್ತಾರೆ. ‘ತಾಳ್ಮೆಯಿಂದ ಇರುತ್ತೇನೆ’ ಎಂದು ಬರೆದರೆ ವಾಪಸ್ ಕೊಡುತ್ತೇವೆ. ‘ಶಾಲೆಯಿಂದ ಬಂದ ಮೇಲೆ ಮೊದಲ ಹತ್ತು ನಿಮಿಷ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ’ ಎಂದು ಬರೆದರೆ ಸರಿ. ಮೂರನೇ ವಾರ ಮತ್ತು ಮೂರನೇ ತಿಂಗಳು ಫೋನ್ ಮಾಡಿ ಕೇಳುತ್ತೇವೆ: ಮಾಡಿದ್ರಾ? ಏನು ಅಡ್ಡ ಬಂತು? ಎಲ್ಲರಿಗೂ ಮಾಡಲು ಆಗದಿದ್ದರೆ ಐದರಲ್ಲಿ ಒಬ್ಬರಿಗೆ ಮಾಡಿ, ಆದರೆ ಚೀಟಿ ಎತ್ತಿ ಆರಿಸಿ. ನಮಗೆ ಇಷ್ಟವಾದವರಿಗೇ ಫೋನ್ ಮಾಡುವ ಆಸೆ ಬರುತ್ತದೆ, ಅದನ್ನು ತಡೆಯಿರಿ. ತರಬೇತಿ ಕೊಟ್ಟವರೇ ಕರೆ ಮಾಡಬಾರದು, ಇದೂ ಮುಖ್ಯ. ನನ್ನ ಹತ್ತಿರ ‘ನೀವು ಹೇಳಿದ್ದು ಕೆಲಸಕ್ಕೆ ಬರಲಿಲ್ಲ’ ಎನ್ನಲು ಜನರಿಗೆ ಸಂಕೋಚ ಆಗುತ್ತದೆ.

‘ಏನು ಅಡ್ಡ ಬಂತು’ ಎಂಬ ಪ್ರಶ್ನೆಯೇ ನಮಗೆ ಅತಿ ಹೆಚ್ಚು ಕಲಿಸಿತು. ಊಟ ಬಚ್ಚಿಡುವ ಮಗುವಿಗೆ ಡಬ್ಬಿ ಇಡಿ ಎಂದು ನಾನು ಹೇಳಿದ್ದನ್ನು ಹಲವರು ಮಾಡಲು ಹೋಗಿದ್ದರು. ಮನೆಯ ಹಿರಿಯರು ಒಪ್ಪಿರಲಿಲ್ಲ. ‘ಕದಿಯೋದಕ್ಕೆ ಬಹುಮಾನ ಕೊಡ್ತಿದ್ದೀಯಾ’ ಎಂದಿದ್ದರು. ತರಬೇತಿಗೆ ಬಂದವರು ಒಬ್ಬರು, ಮಗುವನ್ನು ಸಾಕುವುದು ಇಡೀ ಮನೆ. ಆಮೇಲೆ ನಾವು ಆ ಪಾಠವನ್ನೇ ಬದಲಿಸಿದೆವು. ಈಗ ಆ ಅರ್ಧ ಗಂಟೆಯಲ್ಲಿ ನಾನು ಮಾತಾಡುವುದು ಐದು ನಿಮಿಷ. ಉಳಿದ ಹೊತ್ತು, ಒಪ್ಪದ ಹಿರಿಯರಿಗೆ ಹೇಗೆ ಹೇಳುವುದು ಎಂದು ಇಬ್ಬಿಬ್ಬರು ಎದುರುಬದುರು ಕೂತು ಆಡಿ ನೋಡುತ್ತಾರೆ.

ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆಗಳು.

ಒಬ್ಬರು ಕೇಳಿದರು: “ಹೋಲಿಸಿ ನೋಡಬೇಕು ಅಂತ ಅರ್ಧ ಜನಕ್ಕೆ ತರಬೇತಿ ಕೊಡದೇ ಇರುವುದು ನ್ಯಾಯವೇ?”

ಕೊಡದೇ ಇರಬೇಕಾಗಿಲ್ಲ. ಎಲ್ಲರಿಗೂ ಒಟ್ಟಿಗೆ ಕೊಡಲು ನಮ್ಮಿಂದ ಹೇಗೂ ಆಗುವುದಿಲ್ಲ, ಅಲ್ವಾ? ಯಾರಾದರೂ ಕಾಯಲೇಬೇಕು. ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಕಾಯುತ್ತಿರುವವರ ಮನೆಗಳಿಗೂ ಅದೇ ಫೋನ್ ಕರೆ ಮಾಡಿ. ಆಮೇಲೆ ಅವರಿಗೂ ತರಬೇತಿ ಕೊಡಿ. ಒಂದು ಷರತ್ತು ಇದೆ. ಕರೆಯಲ್ಲಿ ಮಗುವಿಗೆ ಅಪಾಯ ಇದೆ ಎಂದು ಕಂಡರೆ ಅಧ್ಯಯನ ಗಿಧ್ಯಯನ ಎಲ್ಲ ಪಕ್ಕಕ್ಕಿಟ್ಟು ಆ ಮನೆಗೆ ತಕ್ಷಣ ಸಹಾಯ ಹೋಗಬೇಕು.

ಇನ್ನೊಬ್ಬರು, ತಾವೇ ಸಾಕು ಮನೆಯಲ್ಲಿ ಬೆಳೆದವರು, ಕೇಳಿದರು: “ಇಷ್ಟೆಲ್ಲ ಹೇಳಿದಿರಿ. ಮಗುವನ್ನು ಯಾಕೆ ಕೇಳುವುದಿಲ್ಲ?”

ಕೇಳಬೇಕು. ನಾವು ಇನ್ನೂ ಸರಿಯಾಗಿ ಕೇಳುತ್ತಿಲ್ಲ ಎಂದು ಅವರಿಗೆ ಒಪ್ಪಿಕೊಂಡೆ. ಕೇಳುವುದರಲ್ಲಿ ಒಂದು ಭಯವೂ ಇದೆ. ‘ಈ ಮನೆಯವರು ಹೇಗೆ’ ಎಂದರೆ, ತನ್ನ ಉತ್ತರದಿಂದ ಈ ಮನೆಯೂ ತಪ್ಪಿಹೋಗುತ್ತದೋ ಎಂದು ಮಗು ಹೆದರುತ್ತದೆ. ಅದಕ್ಕೇ ಮನೆಯವರಿಗೆ ಅಂಕ ಕೊಡು ಅಂತ ಕೇಳಬಾರದು. ನೀನು ಅತ್ತಾಗ ಯಾರು ಬಂದರು? ರಾತ್ರಿ ಹಸಿವಾದರೆ ಏನು ಮಾಡ್ತೀಯಾ? ಇಂಥದ್ದನ್ನು ಕೇಳಬೇಕು. ಕೇಳುವವರು ಆ ಮಗುವಿನ ಕೇಸ್ ವರ್ಕರ್ ಆಗಿರಬಾರದು. ಸಾಕು ತಂದೆತಾಯಿ ಪಕ್ಕದಲ್ಲಿ ಕೂತಿರಬಾರದು. ಹೇಳಲು ಇಷ್ಟ ಇಲ್ಲದಿದ್ದರೆ ಬಿಟ್ಟುಬಿಡಬಹುದು ಎಂದು ಮೊದಲೇ ಹೇಳಬೇಕು. ಪ್ರಶ್ನೆಗಳನ್ನು ಬರೆಯುವಾಗ ಸಾಕು ಮನೆಗಳಲ್ಲಿ ಬೆಳೆದು ದೊಡ್ಡವರಾದವರು ನಮ್ಮ ಜೊತೆ ಕೂರಬೇಕು. ನೀವು ಬರ್ತೀರಾ ಎಂದು ಅವರನ್ನು ಅಲ್ಲೇ ಕೇಳಿದೆ. ಬರುತ್ತೇನೆ ಎಂದಿದ್ದಾರೆ.